ಎಲ್ಲರೂ ಓದಿದ ಪುಸ್ತಕ

ಪುಸ್ತಕವೊಂದು ಮನಸ್ಸಿಗೆ ಹಿಡಿಸಲಿಲ್ಲವೆಂದು ಹೇಳುವುದು ಸಾಮಾನ್ಯವಾಗಿ ಕಷ್ಟದ ಮಾತಲ್ಲ. ಆದರೆ ನಾಡಿಗೆ ನಾಡೇ ಓದಿ, ನಾಡಿಗೆ ನಾಡೇ ಆ ಬಗೆಗೆ ಮಾತನಾಡುತ್ತಿರುವಾಗ, ಅದು ತನಗೆ ಹಿಡಿಸಲಿಲ್ಲವೆಂದು ಒಬ್ಬ ಮೇಷ್ಟರು, ಅದರಲ್ಲೂ ಕನ್ನಡದ ಮೇಷ್ಟರು, ಹೇಳಬೇಕಾಗಿ ಬಂದರೆ ಆ ಮಾತು ಗಂಟಲಿನಿಂದ ಅಷ್ಟು ಸುಲಭವಾಗಿ ಹೊರಡುವುದಿಲ್ಲ. ನನ್ನ ಗಂಟಲಿನಿಂದ ಅದು ಹೊರಡಲು ಹದಿನೆಂಟು ವರ್ಷಗಳಿಗೂ ಮಿಕ್ಕಿ ಹಿಡಿಯಿತು. ಈ ತಡಕ್ಕೆ ಕಾರಣವೇನೆಂಬುದನ್ನೂ, ಅದರಿಂದಾದ ಒಂದು ನಷ್ಟವನ್ನೂ ಇಲ್ಲಿ ನಿವೇದಿಸಬೇಕೆಂದಿದ್ದೇನೆ.

ಪುಸ್ತಕ ಎಸ್. ಎಲ್. ಭೈರಪ್ಪನವರ ‘ಆವರಣ’. 2007ರಲ್ಲಿ ಅದು ಪ್ರಕಟವಾದಾಗ ಎದ್ದ ಕೋಲಾಹಲವನ್ನು ಇಂದಿನ ವಿದ್ಯಾರ್ಥಿಗಳು ಕೇಳಿ ತಿಳಿದಿರಬಹುದು, ಕಂಡವರು ಮರೆತಿರಲಾರರು. ಬಿಡುಗಡೆಯಾಗುವ ಮೊದಲೇ ಮೊದಲ ಮುದ್ರಣದ ಪ್ರತಿಗಳು ಮುಗಿದುಹೋದವು. ಐದೇ ತಿಂಗಳಲ್ಲಿ ಹತ್ತು ಮುದ್ರಣಗಳಾದವು. ಸಾವಿರ ಪ್ರತಿ ಖರ್ಚಾಗಲು ವರ್ಷಗಟ್ಟಲೆ ಕಾಯಬೇಕಾದ ಕನ್ನಡ ಪುಸ್ತಕಪ್ರಪಂಚದಲ್ಲಿ ಇದು ಕಂಡರಿಯದ ಸಂಗತಿ. ಪತ್ರಿಕೆಗಳಲ್ಲಿ ವಾದ, ಪ್ರತಿವಾದ. ಸಭೆಗಳಲ್ಲಿ ಖಂಡನೆ, ಮಂಡನೆ. ಯು. ಆರ್. ಅನಂತಮೂರ್ತಿಯವರು ಅದನ್ನು ಕಟುವಾಗಿ ಟೀಕಿಸಿದರು; ಅವರ ಟೀಕೆಯನ್ನು ಅಷ್ಟೇ ಕಟುವಾಗಿ ಟೀಕಿಸಿದವರು ನೂರಾರು ಮಂದಿ. ಪುಸ್ತಕ ಓದಿದವರಿಗಿಂತ ಪುಸ್ತಕದ ವಿಷಯ ಬಲ್ಲವರೇ ಹೆಚ್ಚು ಎನ್ನುವಂತಾಯಿತು.

ಅಂಬಲಪಾಡಿಯಲ್ಲಿ, ಜನಾರ್ದನ ಮಹಾಕಾಳಿ ದೇವಸ್ಥಾನದ ಗಂಟೆಯ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿ ನನ್ನ ಮನೆ. ಆಗ ಹದಿನೇಳನೆಯ ಸಂಖ್ಯೆಯದಾಗಿದ್ದ ಹೆದ್ದಾರಿಗೆ ಈಗ ಅರವತ್ತಾರನೆಯ ಸಂಖ್ಯೆ ಬಂದಿದೆ. ಅದರ ಅಗಲವೂ ಹೆಚ್ಚಿದೆ. ಅಂದು ಅದನ್ನು ದಾಟಿ ಉಡುಪಿಯ ಪೇಟೆಗೆ ನಡೆದೇ ಹೋಗುತ್ತಿದ್ದೆ. ನೆರೆಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು, ಸಜ್ಜನರು. ಜೀವಮಾನದಲ್ಲಿ ಹತ್ತು ಕಾದಂಬರಿಗಳನ್ನು ಓದಿದವರಲ್ಲ. ಅವರೂ ಬೇಲಿಯ ಆಚೆಯಿಂದ ಪ್ರತಿದಿನ ವಿಚಾರಿಸತೊಡಗಿದರು: “ಮಾಷ್ಟ್ರೇ, ಪುಸ್ತಕ ಸಿಕ್ಕಿತೋ? ಎಂತ ಮಾರಾಯ್ರೇ, ಕನ್ನಡ ಪಾಠ ಮಾಡುವವರು ನೀವೇ ಇನ್ನೂ ಓದಲಿಲ್ಲವೋ?”

ಪೇಟೆಯ ಪುಸ್ತಕದಂಗಡಿಯಲ್ಲಿ ಹೆಸರು ಬರೆಸಿ ಬಂದೆ. ಎರಡು ಸಲ ಬರಿಗೈಯಲ್ಲಿ ಮರಳಿದೆ. ಕೊನೆಗೆ ಪ್ರತಿ ಕೈಗೆ ಬಂದಾಗ ಆಟಿಯ ಮಳೆ ಜಡಿಯುತ್ತಿತ್ತು. ಹೊದಿಕೆ ನೆನೆಯದಂತೆ ಅಂಗಿಯೊಳಗೆ ಅವುಚಿಕೊಂಡು ಮನೆಗೆ ತಂದೆ. ನನ್ನ ನಿರೀಕ್ಷೆ ಅಂಗಡಿಯವನ ಮಾತಿನಿಂದಲೋ ನೆರೆಯವರ ಉತ್ಸಾಹದಿಂದಲೋ ಹುಟ್ಟಿದ್ದಲ್ಲ. ಅದಕ್ಕೆ ಬೇರೆಯೇ ಬೇರುಗಳಿದ್ದವು. ಕಾಲೇಜಿನ ದಿನಗಳಲ್ಲಿ ‘ವಂಶವೃಕ್ಷ’ ಓದಿ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತನಾಡದೆ ಇದ್ದವನು ನಾನು. ‘ಗೃಹಭಂಗ’ದ ನಂಜಮ್ಮನನ್ನು ನನ್ನ ತಾಯಿಗೆ ಓದಿ ಹೇಳಿ, ಆಕೆಯೊಂದಿಗೆ ಅತ್ತವನು. ‘ಪರ್ವ’ 1979ರಲ್ಲಿ ಹೊರಬಂದಾಗ ಹೊಸದಾಗಿ ಮೇಷ್ಟರಾಗಿದ್ದ ನಾನು ಅದನ್ನು ಕುರಿತು ತರಗತಿಯಲ್ಲಿ ಪಾಠಕ್ಕೆ ಸಂಬಂಧವಿಲ್ಲದಿದ್ದರೂ ಒಂದು ವಾರ ಮಾತನಾಡಿದ್ದೆ. ಅಂತಹ ಲೇಖಕರ ಹೊಸ ಪುಸ್ತಕ ಮೇಜಿನ ಮೇಲಿತ್ತು, ಹೊರಗೆ ಮಳೆ, ರಜೆಯ ಮೂರು ದಿನ. ಓದುಗನಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯವೇನು ಬೇಕು?

ಮೂರನೆಯ ರಾತ್ರಿ ಪುಸ್ತಕ ಮುಗಿಸಿ ದೀಪ ಆರಿಸಿದಾಗ ಮನಸ್ಸಿನಲ್ಲಿದ್ದದ್ದು ಸಿಟ್ಟಲ್ಲ, ಅಸಮ್ಮತಿಯೂ ಅಲ್ಲ. ನೆಂಟರ ಮನೆಗೆ ಹಸಿದು ಹೋದಾಗ ಅವರು ಊಟಕ್ಕೆ ಬಡಿಸದೆ ಮನೆಯ ಲೆಕ್ಕಪತ್ರ ಬಿಚ್ಚಿ ತೋರಿಸಿದರೆ ಹೇಗಿರುತ್ತದೆಯೋ ಹಾಗಿತ್ತು. ಲೆಕ್ಕ ಸರಿಯಿರಬಹುದು. ಹಸಿವು ಹೋಗಲಿಲ್ಲ.

ಕಥೆಯ ಹಂದರ ಬಹುಮಂದಿಗೆ ತಿಳಿದದ್ದೇ. ಲಕ್ಷ್ಮಿ ಎಂಬಾಕೆ ಅಮೀರನನ್ನು ಮದುವೆಯಾಗಿ ರಜಿಯಾ ಆಗುತ್ತಾಳೆ. ಇಬ್ಬರೂ ಚಲನಚಿತ್ರ ಕ್ಷೇತ್ರದವರು. ಹಂಪಿಯ ಸಾಕ್ಷ್ಯಚಿತ್ರದ ಕೆಲಸದಲ್ಲಿ ಅವಳ ಮನಸ್ಸಿನಲ್ಲಿ ಪ್ರಶ್ನೆಗಳೇಳುತ್ತವೆ. ತಂದೆ ತೀರಿಕೊಂಡ ಮೇಲೆ ಹುಟ್ಟಿದ ಹಳ್ಳಿಗೆ ಮರಳುತ್ತಾಳೆ. ಅವರು ಕೂಡಿಟ್ಟು ಓದುತ್ತಿದ್ದ ಗ್ರಂಥಗಳ ನಡುವೆ ಕುಳಿತು ಓದುತ್ತಾಳೆ. ಔರಂಗಜೇಬನ ಕಾಲದ ಕಥೆಯೊಂದನ್ನು ತಾನೇ ಬರೆಯತೊಡಗುತ್ತಾಳೆ. ಕಾದಂಬರಿಯೊಳಗೊಂದು ಕಾದಂಬರಿ. ಹೀಗೆ ಹೇಳುವಾಗ ಎಷ್ಟು ದೊಡ್ಡ ವಸ್ತು ಇದು ಎಂದು ಈಗಲೂ ಅನ್ನಿಸುತ್ತದೆ. ಬೆನ್ನು ತಿರುಗಿಸಿ ಹೋದ ಮಗಳು ಸತ್ತ ತಂದೆಯ ಪುಸ್ತಕಗಳ ಮೂಲಕ ಅವನನ್ನು ಮೊದಲ ಬಾರಿಗೆ ಅರಿಯುವುದು! ಅಲ್ಲಿ ನಾನು ತಡೆದು ನಿಂತೆ, ಕಣ್ಣು ತೇವಗೊಂಡಿತು. ಆದರೆ ಕಥೆ ಅಲ್ಲಿ ನಿಲ್ಲಲಿಲ್ಲ. ವಾದಕ್ಕೆ ಅವಸರವಿತ್ತು.

ನನ್ನ ನಿರಾಶೆಯನ್ನು ಬಿಡಿಸಿ ಹೇಳಲು ನಮ್ಮ ಊರಿನದೇ ಒಂದು ದೃಷ್ಟಾಂತ ಕೊಡುತ್ತೇನೆ. ಈ ಕಡೆ ತಾಳಮದ್ದಲೆ ಕೇಳಿ ಬೆಳೆಯದವರು ಕಡಿಮೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ, ಮದ್ದಲೆ, ಎದುರುಬದುರು ಕುಳಿತ ಅರ್ಥಧಾರಿಗಳು, ಇಷ್ಟೆ. ವಾಲಿವಧೆಯ ಪ್ರಸಂಗವೆನ್ನಿ. ಸಭೆಯಲ್ಲಿ ಕುಳಿತವರೆಲ್ಲ ರಾಮಭಕ್ತರೇ. ಕೊನೆಗೆ ಯಾರು ಸರಿ, ಯಾರು ತಪ್ಪು ಎಂಬುದರಲ್ಲಿ ಒಬ್ಬರಿಗೂ ಸಂದೇಹವಿಲ್ಲ. ಆದರೂ ಬಾಣ ತಗುಲಿ ಬಿದ್ದ ವಾಲಿ ‘ನಿನಗೆ ನಾನೇನು ಅಪರಾಧ ಮಾಡಿದ್ದೆ?’ ಎಂದು ಕೇಳಿದಾಗ, ಆ ಪ್ರಶ್ನೆ ಚಪ್ಪರದ ಕಂಬಗಳನ್ನೂ ಅಲುಗಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ರಾಮನ ಅರ್ಥ ಹೇಳುವವರು ಬೆವರಬೇಕು. ಬೆವರಿ ಉತ್ತರ ಹುಡುಕಬೇಕು. ಅಂದು ರಾತ್ರಿ ಮನೆಗೆ ನಡೆಯುವ ಅಜ್ಜಂದಿರು ‘ರಾಮ ಗೆದ್ದ’ ಎಂದು ಹೇಳಿಕೊಳ್ಳುವುದಿಲ್ಲ. ‘ವಾಲಿ ಒಳ್ಳೆಯದಾಯಿತು’ ಎನ್ನುತ್ತಾರೆ. ವಾಲಿಯ ಅರ್ಥ ಹೇಳುವವರು ತಡವರಿಸಿ, ರಾಮನೊಬ್ಬನೇ ಮಾತನಾಡಿ ಗೆದ್ದರೆ, ‘ಎದುರು ಅರ್ಥವೇ ಇರಲಿಲ್ಲ’ ಎಂದು ಬೇಸರಪಡುತ್ತಾರೆ. ಅಕ್ಷರ ಬಾರದವರೂ ಬಲ್ಲ ವಿಮರ್ಶೆಯಿದು.

‘ಆವರಣ’ದಲ್ಲಿ ನನಗೆ ಎದುರು ಅರ್ಥ ಕೇಳಿಸಲಿಲ್ಲ. ಅಲ್ಲಿ ಪ್ರೊಫೆಸರ್ ಶಾಸ್ತ್ರಿ ಎಂಬ ಹೆಸರಾಂತ ಬುದ್ಧಿಜೀವಿ ಬರುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ಸೋತವರು. ಅವರ ವಿಚಾರಕ್ಕೆ ಹಿಂದೆ ಒಂದು ನೋವಿತ್ತೇ, ಒಂದು ನಂಬಿಕೆಯಿತ್ತೇ, ರಾತ್ರಿ ನಿದ್ದೆ ಕೆಡಿಸಿದ ಸಂದೇಹವೊಂದಿತ್ತೇ ಎಂದು ಕಾದಂಬರಿ ಕೇಳುವುದಿಲ್ಲ. ಅಮೀರನ ಮೇಲೆ ಆಗಾಗ ಒಳಮನಸ್ಸಿನ ಬೆಳಕು ಬೀಳುತ್ತದೆ. ಬೀಳುವಷ್ಟರಲ್ಲಿ ದೀಪ ಬೇರೆ ಕಡೆಗೆ ತಿರುಗುತ್ತದೆ. ರಜಿಯಾ ಓದಿದ ಗ್ರಂಥಗಳ ಪಟ್ಟಿ ಕಾದಂಬರಿಯೊಳಗೇ ಬರುತ್ತದೆ. ವಿದ್ವತ್ತಿಗೆ ಅದು ಭೂಷಣ. ಆದರೆ ಕಾದಂಬರಿಯ ಪಾತ್ರವೊಂದು ತನ್ನ ಸತ್ಯವನ್ನು ಸ್ಥಾಪಿಸಲು ಆಕರಗಳನ್ನು ಮುಂದಿಡಬೇಕಾಗಿ ಬಂದರೆ, ಆ ಪಾತ್ರದ ಬದುಕು ಸಾಕ್ಷಿ ಹೇಳಲು ಸಾಲದಾಯಿತೆಂದೇ ಅರ್ಥವಲ್ಲವೆ?

ಇದನ್ನು ಹೊರಗಿನವನ ಅಳತೆಗೋಲೆಂದು ಯಾರೂ ತಿಳಿಯಬಾರದು. ನನಗೆ ಈ ಅಳತೆಗೋಲನ್ನು ಕೊಟ್ಟವರು ಭೈರಪ್ಪನವರೇ. 1965ರ ‘ವಂಶವೃಕ್ಷ’ದಲ್ಲಿ ಶ್ರೀನಿವಾಸ ಶ್ರೋತ್ರಿಗಳಿದ್ದಾರೆ, ಅವರ ವಿಧವೆ ಸೊಸೆ ಕಾತ್ಯಾಯಿನಿ ಇದ್ದಾಳೆ. ಮರುಮದುವೆಯಾಗಿ ಮಗನನ್ನು ಬಿಟ್ಟು ಹೋಗುವ ಅವಳದು ತಪ್ಪೆಂದು ಹೇಳಹೊರಟ ನಾಲಗೆ ತಡವರಿಸುತ್ತದೆ. ಶ್ರೋತ್ರಿಗಳನ್ನು ಹಳಬರೆಂದು ತಳ್ಳಹೊರಟ ಕೈಯೂ ನಡುಗುತ್ತದೆ. ತಮ್ಮ ವಂಶದ ಗುಟ್ಟು ತಿಳಿದ ಶ್ರೋತ್ರಿಗಳು ನಿಲ್ಲುವ ನೆಲವೇ ಕುಸಿಯುತ್ತದೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಅರ್ಧ ಮಂದಿ ಶ್ರೋತ್ರಿಗಳ ಕಡೆ, ಅರ್ಧ ಮಂದಿ ಕಾತ್ಯಾಯಿನಿಯ ಕಡೆ. ಬೆಳಗಾಗುವಷ್ಟರಲ್ಲಿ ಕೆಲವರು ಕಡೆ ಬದಲಾಯಿಸಿದ್ದರು. ‘ಪರ್ವ’ದಲ್ಲಂತೂ ಭಾರತದ ಒಬ್ಬೊಬ್ಬರೂ ತಮ್ಮ ತಮ್ಮ ನೆನಪಿನ ಮನೆಯ ಬಾಗಿಲನ್ನು ತಾವೇ ತೆರೆಯುತ್ತಾರೆ, ಪ್ರತಿಯೊಬ್ಬರಿಗೂ ಅರ್ಥವಿದೆ. ಹಾಗೆ ಎಲ್ಲರಿಗೂ ಅರ್ಥ ಹೇಳಬಲ್ಲವರು ಇಲ್ಲಿ ಒಬ್ಬರಿಗೆ ಮಾತ್ರ ಹೇಳಿದರಲ್ಲ ಎಂಬುದೇ ನನ್ನ ಕೊರಗು. ಸಾಮಾನ್ಯ ಲೇಖಕರಿಂದ ನಮಗೆ ನಿರಾಶೆಯಾಗುವುದಿಲ್ಲ. ನಿರಾಶೆಯಾಗಬೇಕಾದರೆ ಮೊದಲು ಪ್ರೀತಿಯಿರಬೇಕು.

ಇಷ್ಟನ್ನು ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಏಕೆಂದರೆ ಆ ದಿನಗಳಲ್ಲಿ ಪುಸ್ತಕ ಹೇಗಿದೆ ಎಂದು ಕೇಳುವವರು ಪುಸ್ತಕದ ವಿಷಯ ಕೇಳುತ್ತಿರಲಿಲ್ಲ. ‘ನೀನು ಯಾರ ಕಡೆಯವನು’ ಎಂದು ಕೇಳುತ್ತಿದ್ದರು. ಮೆಚ್ಚಿದೆನೆಂದರೆ ಒಂದು ಪಾಳೆಯ, ಮೆಚ್ಚಲಿಲ್ಲವೆಂದರೆ ಇನ್ನೊಂದು. ಲೇಖಕನನ್ನು ಪ್ರೀತಿಸಿ, ಕೃತಿಯಿಂದ ನೊಂದವನಿಗೆ ನಿಲ್ಲಲು ಜಾಗವಿರಲಿಲ್ಲ. ನಾನು ಜಾಣನಾದೆ. ಅಧ್ಯಾಪಕರ ಕೊಠಡಿಯಲ್ಲಿ ಮೆಚ್ಚಿದವರ ಮುಂದೆ “ಅಧ್ಯಯನ ಅಪಾರ” ಎಂದೆ. ಮೆಚ್ಚದವರ ಮುಂದೆ “ಕಲೆ ಸ್ವಲ್ಪ ಕಡಿಮೆ” ಎಂದೆ. ಎರಡೂ ಸುಳ್ಳಲ್ಲ. ಆದರೆ ಯಾವ ಸತ್ಯವನ್ನು ಯಾರ ಮುಂದೆ ಹೇಳಬೇಕೆಂದು ಲೆಕ್ಕಹಾಕಿ ಆಡುವ ಮಾತು ಸತ್ಯದ ವೇಷ ಹಾಕಿದ ಸುಳ್ಳೇ ಆಗುತ್ತದೆ. ಬೇಲಿಯ ಆಚೆಯವರಿಗೆ, “ಓದಿದೆ, ಓದಿದೆ, ದೊಡ್ಡ ಪುಸ್ತಕ” ಎಂದು ಹೇಳಿ ಒಳಗೆ ನಡೆದೆ.

ಈಗ ನಷ್ಟದ ಸಂಗತಿ. ಆ ವರ್ಷ ಪದವಿ ತರಗತಿಗೆ ‘ನಾನು ಓದಿದ ಒಂದು ಕಾದಂಬರಿ’ ಎಂಬ ವಿಷಯವಾಗಿ ಪ್ರಬಂಧ ಬರೆದು ತರಗತಿಯಲ್ಲಿ ಓದಲು ಹೇಳಿದ್ದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಹೆಚ್ಚು ಮಾತನಾಡದ ಹುಡುಗಿಯೊಬ್ಬಳು ‘ಆವರಣ’ವನ್ನು ಕುರಿತು ನಾಲ್ಕು ಪುಟ ಬರೆದು ತಂದಳು. ಮನೆಯಲ್ಲಿ ಎಲ್ಲರೂ ಹೊಗಳಿದರೆಂದು ಓದಿದಳಂತೆ, ತನಗೆ ಹಿಡಿಸಲಿಲ್ಲವಂತೆ. ಕಾರಣ ಕೊಟ್ಟಿದ್ದಳು. ರಜಿಯಾ ಪ್ರಶ್ನೆ ಕೇಳುತ್ತಿದ್ದಷ್ಟು ಹೊತ್ತು ತನಗೆ ಅವಳು ಹತ್ತಿರವಾಗಿದ್ದಳು, ಉತ್ತರ ಹೇಳತೊಡಗಿದ ಮೇಲೆ ದೂರವಾದಳು ಎಂದು ಬರೆದಿದ್ದಳು. ನಾನು ಮೂರು ರಾತ್ರಿ ಓದಿ ಕಂಡುಕೊಂಡದ್ದನ್ನು ಅವಳು ಒಂದೇ ವಾಕ್ಯದಲ್ಲಿ ನನಗಿಂತ ಚೆನ್ನಾಗಿ ಹೇಳಿದ್ದಳು.

ನಾನು ಮಾಡಿದ್ದೇನು? ತರಗತಿಯಲ್ಲಿ ಜಗಳವೇಳಬಹುದೆಂದು ಅಂಜಿದೆ. ಅವಳನ್ನು ಕರೆದು, “ಇದು ಬೇಡಮ್ಮಾ, ಈಗ ಗಲಾಟೆಯ ಸಮಯ. ಬೇರೆ ಯಾವುದಾದರೂ ಕಾದಂಬರಿಯ ಮೇಲೆ ಬರೆ” ಎಂದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, “ನಿಮಗೆ ಹಿಡಿಸಿತಾ ಸರ್?” ಎಂದು ಕೇಳಿದಳು. ನಾನು ಗಡಿಯಾರ ನೋಡಿ, “ಅದು ಬೇರೆ ವಿಷಯ” ಎಂದೆ. ಮರುವಾರ ಅವಳು ಇನ್ನೊಂದು ಕಾದಂಬರಿಯ ಮೇಲೆ, ಗೈಡಿನಲ್ಲಿ ಇರುವಂತಹ ವಾಕ್ಯಗಳಲ್ಲಿ, ಎರಡು ಪುಟ ಬರೆದು ತಂದಳು. ಅಂಕ ಕೊಟ್ಟೆ. ಪದವಿ ಮುಗಿಸುವವರೆಗೂ ಅವಳು ತನ್ನದೆನ್ನುವ ಒಂದು ಅಭಿಪ್ರಾಯವನ್ನು ನನ್ನ ತರಗತಿಯಲ್ಲಿ ಮತ್ತೆ ಬರೆಯಲಿಲ್ಲ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ತರಗತಿಯಲ್ಲಿ ಪಠ್ಯವಲ್ಲದ ಪುಸ್ತಕವನ್ನೇ ಮುಟ್ಟದ ಹುಡುಗನೊಬ್ಬನಿದ್ದ. ಗದ್ದಲ ಕೇಳಿ ಕುತೂಹಲದಿಂದ ‘ಆವರಣ’ ಓದಿದ, ಮೆಚ್ಚಿದ, ಬಳಿಕ ನನ್ನಲ್ಲಿಗೆ ಬಂದು, “ಇವರದೇ ಬೇರೆ ಯಾವುದು ಓದಬಹುದು ಸರ್?” ಎಂದು ಕೇಳಿದ. ‘ಪರ್ವ’ ಕೊಟ್ಟೆ. ಒಂದು ತಿಂಗಳು ಬಿಟ್ಟು ಮರಳಿಸಿದ. ಪುಟಗಳಲ್ಲಿ ಬೆರಳಿನ ಗುರುತುಗಳಿದ್ದವು. ಆದ್ದರಿಂದ ಪ್ರಚಾರವೆಲ್ಲ ಕೆಟ್ಟದ್ದೆಂದು ಮೂಗು ಮುರಿಯುವವರ ಸಾಲಿಗೆ ನಾನು ಸೇರಲಾರೆ. ಗದ್ದಲ ಹೊಸ ಓದುಗನನ್ನು ಬಾಗಿಲವರೆಗೆ ಕರೆತರಬಲ್ಲುದು. ಒಳಗೆ ಬಂದ ಮೇಲೂ ಅದು ಕಿವಿಯಲ್ಲಿ ಕೂಗುತ್ತಲೇ ಇದ್ದರೆ ಮಾತ್ರ ತೊಂದರೆ.

ಇಲ್ಲಿ ಸಹಜವಾಗಿ ನಮ್ಮ ಮುದ್ದಣನ ನೆನಪಾಗುತ್ತದೆ. ಕಾರ್ಕಳದ ಕಡೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದವನು. ‘ಶ್ರೀರಾಮಾಶ್ವಮೇಧ’ವನ್ನು ಬರೆದು, ತನ್ನ ಹೆಸರು ಹೇಳದೆ, ಹಳೆಯ ಕಾವ್ಯವೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿದ. 1901ರಲ್ಲಿ, ಮೂವತ್ತರ ಗಡಿ ದಾಟುವಷ್ಟರಲ್ಲೇ ತೀರಿಕೊಂಡ. ಬರೆದವನು ಅವನೇ ಎಂದು ನಾಡಿಗೆ ತಿಳಿದದ್ದು ಬಹುಕಾಲದ ಮೇಲೆ. ಅವನ ಮೊದಲ ಓದುಗರ ಮುಂದೆ ಲೇಖಕನಿರಲಿಲ್ಲ, ಕೀರ್ತಿಯಿರಲಿಲ್ಲ, ಪಾಳೆಯಗಳಿರಲಿಲ್ಲ. ಪುಸ್ತಕ ಮಾತ್ರ ಇತ್ತು. ಇಂದು ಅವನಿಗೂ ಆ ಭಾಗ್ಯವಿಲ್ಲ. ಮುದ್ದಣ ಮನೋರಮೆಯರ ಸಲ್ಲಾಪವನ್ನು ಪಠ್ಯದಲ್ಲಿ ಓದಿ ಮನಸೋತ ವಿದ್ಯಾರ್ಥಿಗಳು ಇಡೀ ಕೃತಿಯನ್ನು ಕೈಗೆತ್ತಿಕೊಂಡು, ಸಲ್ಲಾಪ ಸ್ವಲ್ಪವೇ, ಕುದುರೆಯ ಹಿಂದಿನ ಪಯಣವೇ ಬಹಳ ಎಂದು ಪೆಚ್ಚಾದದ್ದನ್ನು ಕಂಡಿದ್ದೇನೆ. ಆ ನಿರಾಶೆ ಕವಿಯ ತಪ್ಪಲ್ಲ. ನಾವು ಹೊಗಳಿ ಕಟ್ಟಿದ ಮುದ್ದಣನನ್ನು ಹುಡುಕಿಕೊಂಡು ಹೋದವರಿಗೆ ಅಲ್ಲಿ ನಿಜವಾದ ಮುದ್ದಣ ಸಿಕ್ಕಿದ, ಅಷ್ಟೆ.

ಹಾಗಾದರೆ ನನ್ನ ನಿರಾಶೆ ಯಾವ ಬಗೆಯದು? ಪುಸ್ತಕದಿಂದ ಬಂದದ್ದೋ, ಗದ್ದಲದಿಂದ ಬಂದದ್ದೋ? 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡರು. ಸುದ್ದಿ ಕೇಳಿದಾಗ ಮನೆಯ ಹಿರಿಯರೊಬ್ಬರು ಹೋದಂತೆ ಮನಸ್ಸು ಬರಿದಾಯಿತು. ಕೆಲವು ದಿನ ಕಳೆದು ಕಪಾಟಿನಿಂದ ‘ಆವರಣ’ವನ್ನು ತೆಗೆದೆ. ಅಂಚುಗಳು ಹಳದಿಗಟ್ಟಿದ್ದವು. ಬೇಲಿಯ ಆಚೆಯಿಂದ ಕೇಳುವ ದನಿಯೂ ಈಗ ಇಲ್ಲ. ಸದ್ದಿಲ್ಲದ ಮನೆಯಲ್ಲಿ, ಅವಸರವಿಲ್ಲದೆ, ಎರಡನೆಯ ಬಾರಿ ಓದಿದೆ.

ಮೊದಲ ಓದಿನ ನಿರಾಶೆಯಲ್ಲಿ ಅರ್ಧ ಕರಗಿಹೋಯಿತು. ಅಂಡಲೆದು ಕಾದು ತಂದ ಆಯಾಸ, ‘ಇದಕ್ಕೇ ಇಷ್ಟೊಂದು ಕೂಗೇ’ ಎಂಬ ಕೆರಳಿಕೆ, ಇವೆಲ್ಲ ಗದ್ದಲಕ್ಕೆ ಸೇರಿದವು; ಗದ್ದಲದೊಂದಿಗೇ ಹೋದವು. ಅಂದು ಅವಸರದಲ್ಲಿ ಕಾಣದಿದ್ದದ್ದು ಕೆಲವು ಕಂಡವು. ಒಳಗಿನ ಕಥೆಯಲ್ಲಿ ಪುರುಷತ್ವ ಕಳೆದುಕೊಂಡು ಜನಾನದ ಸೇವೆಗೆ ಬಿದ್ದ ರಜಪೂತ ರಾಜಕುಮಾರನ ಅಳಲು ಪ್ರಮಾಣಗಳ ಹಂಗಿಲ್ಲದೆ ಎದೆಗೆ ತಾಕಿತು. ಆದರೆ ಇನ್ನರ್ಧ ನಿರಾಶೆ ಕರಗಲಿಲ್ಲ. ಎದುರು ಅರ್ಥವಿಲ್ಲದ ಕೊರತೆ ಅಂದು ಎಲ್ಲಿತ್ತೋ ಅಲ್ಲಿಯೇ ಇತ್ತು. ಇತಿಹಾಸದ ವಾದ ಎಷ್ಟು ಸರಿ ಎಂಬುದನ್ನು ಇತಿಹಾಸಕಾರರು ತೂಗಲಿ. ಕಲೆ ಬೇರೆ, ವಿಚಾರ ಬೇರೆ ಎಂದು ಹೇಳಿ ನಾನು ಜಾರಿಕೊಳ್ಳಲಾರೆ. ಎದುರಾಳಿಗೆ ಪೂರ್ತಿ ಮಾತು ಕೊಡದಿರುವುದು ಕಲೆಯ ಕೊರತೆಯೂ ಹೌದು, ನ್ಯಾಯದ ಕೊರತೆಯೂ ಹೌದು. ಗದ್ದಲ ಅಡಗಿದ ಮೇಲೂ ಉಳಿಯುವ ನಿರಾಶೆಯೇ ಪುಸ್ತಕಕ್ಕೆ ಸಲ್ಲುವ ನಿರಾಶೆ. ಉಳಿದದ್ದು ನಮ್ಮದು.

ಆವರಣವೆಂಬುದು ವೇದಾಂತದ ಮಾತು. ಸತ್ಯವನ್ನು ಮರೆಮಾಡುವುದು ಆವರಣ. ಇಲ್ಲದ್ದನ್ನು ತೋರಿಸುವುದು ವಿಕ್ಷೇಪ. ಅದ್ವೈತದ ಈ ಪರಿಭಾಷೆಯನ್ನು ಮಧ್ವಾಚಾರ್ಯರ ಊರಿನ ಪಕ್ಕದಲ್ಲಿ ಕುಳಿತು ಬಳಸಿದ್ದಕ್ಕೆ ಹಿರಿಯರು ಕ್ಷಮಿಸಬೇಕು. ಆದರೆ ಹೆಸರಾದ ಪುಸ್ತಕಗಳ ವಿಷಯದಲ್ಲಿ ಇದಕ್ಕಿಂತ ಒಪ್ಪುವ ಮಾತು ಕಾಣೆ. ಹೊಗಳಿಕೆ, ತೆಗಳಿಕೆ ಎರಡೂ ಸೇರಿ ಪುಸ್ತಕವನ್ನು ಮರೆಮಾಡುತ್ತವೆ. ಅದರ ಜಾಗದಲ್ಲಿ ಇಲ್ಲದ ಪುಸ್ತಕವೊಂದನ್ನು ತೋರಿಸುತ್ತವೆ. ಆ ತೆರೆಯನ್ನು ಸರಿಸಿಕೊಂಡು ಒಳಗೆ ಹೋದವನಿಗೆ ಮೊದಲು ಎದುರಾಗುವುದು ಹಲವು ಸಲ ನಿರಾಶೆಯೇ. ಅದಕ್ಕೆ ನಾಚಬೇಕಾಗಿಲ್ಲ. ಕೇಳಿದ ಪುಸ್ತಕ ಬೇರೆ, ಓದಿದ ಪುಸ್ತಕ ಬೇರೆ ಎಂದು ಅದು ತಿಳಿಸುತ್ತದೆ. ಅಲ್ಲಿಂದ ಓದು ಆರಂಭವಾಗುತ್ತದೆ.

ಈಗಲೂ ಭಾನುವಾರಗಳಂದು ಕೆಲವು ವಿದ್ಯಾರ್ಥಿಗಳು ಮನೆಗೆ ಬರುತ್ತಾರೆ. ಯಾವ ಪುಸ್ತಕಕ್ಕೆ ಎಷ್ಟು ಮುದ್ರಣ, ಯಾರು ಯಾರನ್ನು ಬೈದರು ಎಂಬ ಸುದ್ದಿ ಅವರಿಗೆ ನನಗಿಂತ ಮೊದಲೇ ತಲುಪಿರುತ್ತದೆ. ನಾನು ಕೇಳಿಕೊಳ್ಳುವುದು ಇಷ್ಟೇ: ಪುಸ್ತಕ ಮುಗಿಸಿದ ರಾತ್ರಿಯೇ, ಬೇರೆ ಯಾರ ಮಾತನ್ನೂ ಕೇಳುವ ಮೊದಲು, ನಿಮಗೆ ಅನ್ನಿಸಿದ್ದನ್ನು ಒಂದು ಪುಟ ಬರೆದಿಡಿ. ಮೆಚ್ಚಿದರೆ ಎಲ್ಲಿ ಮೆಚ್ಚಿದಿರಿ, ಬೇಸರವಾದರೆ ಯಾವ ಪುಟದಲ್ಲಿ ಆಯಿತು, ಅದನ್ನು ಬರೆಯಿರಿ. ನಾಳೆ ಅಭಿಪ್ರಾಯ ಬದಲಾದರೆ ಬದಲಾಗಲಿ. ಬದಲಾಯಿಸಲು ನಿಮ್ಮದೆನ್ನುವ ಒಂದು ಅಭಿಪ್ರಾಯವಾದರೂ ಬೇಕಷ್ಟೆ. ಬರೆದು ತಂದವರ ಪುಟವನ್ನು ಗಟ್ಟಿಯಾಗಿ ಓದಿಸುತ್ತೇನೆ. ಕೆಲವೊಮ್ಮೆ ಜಗಳವಾಗುತ್ತದೆ. ಆಗಲಿ ಎಂದು ಬಿಟ್ಟಿದ್ದೇನೆ.

ಆ ನಾಲ್ಕು ಪುಟಗಳನ್ನು ನಾನು ಇಟ್ಟುಕೊಳ್ಳಲಿಲ್ಲ. ಅಂದೇ ಅವಳಿಗೆ ಮರಳಿಸಿಬಿಟ್ಟೆ. ಅವಳು ಈಗ ಎಲ್ಲಿದ್ದಾಳೋ, ಕನ್ನಡ ಓದುತ್ತಾಳೋ ಇಲ್ಲವೋ ನಾನರಿಯೆ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ನನ್ನ ಮೇಲೆ ಸಾಲವಾಗಿ ಉಳಿದಿತ್ತು. ಇಲ್ಲಮ್ಮಾ, ನನಗೂ ಹಿಡಿಸಲಿಲ್ಲ. ನೀನು ಬರೆದ ಕಾರಣವೇ ಸರಿಯಾದ ಕಾರಣ.